ಈಚೆ ದಡದ ನಿಲ್ದಾಣ



ಈ ಉಪನ್ಯಾಸದ ವಿಷಯ ಏನೆಂದು ಸಂಘಟಕರು ಫೋನ್ ಮಾಡಿ ಕೇಳಿದಾಗ, "ಕೊರಿಯಾದ ಒಂದು ಲೋಕಲ್ ರೈಲು ನಿಲ್ದಾಣ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಒಂದೇ ನಿಲ್ದಾಣವೇ ಸಾರ್?" ಎಂದು ಕೇಳಿದರು. ಹೌದು, ಒಂದೇ. ಅದರ ಹೆಸರು ನೊರ್ಯಾಂಗ್‌ಜಿನ್. ದೊಡ್ಡ ಜಂಕ್ಷನ್ ಅಲ್ಲ, ನೋಡಲು ಚೆಂದವೂ ಅಲ್ಲ. ಸೋಲ್ ನಗರದ ಒಂದನೇ ನಂಬರಿನ ಮೆಟ್ರೊ ಮಾರ್ಗದಲ್ಲಿ ಯೊಂಗ್‌ಸಾನ್ ಮತ್ತು ದೇಬಾಂಗ್ ನಿಲ್ದಾಣಗಳ ನಡುವೆ ಬರುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಟವರು ನಿದ್ದೆಗಣ್ಣಿನಲ್ಲೇ ಅದನ್ನು ದಾಟಿಹೋಗುತ್ತಾರೆ. ರೈಲ್ವೆಯ ಚರಿತ್ರೆ ಬರೆಯುವವರು ಸುರಂಗ, ಸೇತುವೆ, ಎಂಜಿನ್ನುಗಳ ಹಿಂದೆ ಹೋಗುತ್ತಾರೆ. ನನಗೆ ಆಸೆ ಇರುವುದು ರೈಲು ಎಲ್ಲಿ ನಿಂತಿತು, ಯಾಕೆ ನಿಂತಿತು, ಅದು ನಿಂತ ಜಾಗಕ್ಕೆ ಏನಾಯಿತು ಎಂಬುದರಲ್ಲಿ.

ಮೊದಲು ಜಾಗ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಹಾನ್ ನದಿ ಸೋಲ್ ನಗರವನ್ನು ಎರಡು ಪಾಲು ಮಾಡಿಕೊಂಡು ಪಶ್ಚಿಮದ ಸಮುದ್ರಕ್ಕೆ ಹರಿಯುತ್ತದೆ. ಹಳೆಯ ರಾಜಧಾನಿ ಇದ್ದದ್ದು ಬಡಗಣ ದಡದಲ್ಲಿ, ಕೋಟೆಯೊಳಗೆ. ನೊರ್ಯಾಂಗ್‌ಜಿನ್ ತೆಂಕಣ ದಡದ್ದು. ಆ ಹೆಸರಿನ ಮೊದಲ ಅಕ್ಷರಕ್ಕೆ ಬೆಳ್ಳಕ್ಕಿ ಎಂದರ್ಥ. ಕೊನೆಯ 'ಜಿನ್' ಅಂದರೆ, ನಮ್ಮ ಕರಾವಳಿಯವರು ಕಡವು ಅನ್ನುತ್ತಾರಲ್ಲ, ಹೊಳೆ ದಾಟಲು ದೋಣಿ ಹತ್ತುವ ಜಾಗ, ಅದು. ತೆಂಕಣ ಸೀಮೆಯಿಂದ ರಾಜಧಾನಿಗೆ ಹೊರಟವರು ಇಲ್ಲಿ ಗಂಟು ಇಳಿಸಿ ದೋಣಿಗೆ ಕಾಯುತ್ತಿದ್ದರು. ಇದೇ ನನ್ನಿಡೀ ಮಾತಿನ ಎಳೆ. ಈ ಊರಿಗೆ ಬಂದವರಲ್ಲಿ ಹೆಚ್ಚಿನವರು ಇಲ್ಲೇ ಇರಬೇಕೆಂದು ಬಂದವರಲ್ಲ, ಆಚೆ ದಡಕ್ಕೆ ಹೋಗಬೇಕಾದವರು.

ರಾಜರಿಗೂ ಈ ಕಾಯುವಿಕೆ ತಪ್ಪಿದ್ದಲ್ಲ. 1795ರಲ್ಲಿ ಜೊಂಗ್‌ಜೊ ಎಂಬ ದೊರೆ ತನ್ನ ತಾಯಿಯ ಅರವತ್ತರ ಸಂಭ್ರಮಕ್ಕಾಗಿ, ತಂದೆಯ ಗೋರಿಯಿದ್ದ ಸುವೊನ್ ಕಡೆಗೆ ಎಂಟು ದಿನಗಳ ಯಾತ್ರೆ ಹೊರಟ. ತಂದೆ ಅಂದರೆ ಯುವರಾಜ ಸಾದೊ. 1762ರಲ್ಲಿ ಹೆತ್ತಪ್ಪನೇ ಅವನನ್ನು ಅಕ್ಕಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿ ಸಾಯಿಸಿದ್ದ. ಅಂಥ ಮನೆತನ. ಈಗ ಆ ಮಗನ ಮಗ ಸಾವಿರಾರು ಜನರ ಮೆರವಣಿಗೆಯೊಂದಿಗೆ ಹೊಳೆ ದಾಟಬೇಕು. ದೋಣಿಯಲ್ಲಿ ಒಬ್ಬೊಬ್ಬರನ್ನೇ ದಾಟಿಸಿದರೆ ಯಾತ್ರೆ ಮುಗಿಯುವ ಹಾಗಿಲ್ಲ. ವ್ಯಾಪಾರಿಗಳ ದೊಡ್ಡ ದೋಣಿಗಳನ್ನು ತರಿಸಿ, 36 ದೋಣಿಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ ತೇಲುವ ಸೇತುವೆ ಮಾಡಿಸಿದರು. ದೋಣಿ ಕೊಟ್ಟವರಿಗೆ ಕಂದಾಯದ ಅಕ್ಕಿ ಸಾಗಿಸುವ ಗುತ್ತಿಗೆಯಲ್ಲಿ ಅನುಕೂಲ ಮಾಡಿಕೊಟ್ಟರು. ಇಂಥ ಸೇತುವೆಯನ್ನು ಹೇಗೆ ಕಟ್ಟಬೇಕೆಂದು ದೊರೆ ತಾನೇ ಒಂದು ಕೈಪಿಡಿ ಬರೆದಿದ್ದ. ನದಿಯ ಅಗಲ, ಸೆಳೆತ, ದೋಣಿಗಳ ಎತ್ತರ ನಡುವೆ ಎಷ್ಟಿರಬೇಕು, ಅಂಚಿಗೆ ಎಷ್ಟಿರಬೇಕು, ಎಲ್ಲ ಅದರಲ್ಲಿದೆ. ಹೊಳೆ ದಾಟಿದ ದೊರೆ ಊಟಕ್ಕೂ ವಿಶ್ರಾಂತಿಗೂ ಇಳಿಯುತ್ತಿದ್ದ ಚಾವಡಿ ನೊರ್ಯಾಂಗ್‌ಜಿನ್ ಬಳಿಯ ದಿಬ್ಬದ ಮೇಲೆ ಈಗಲೂ ನಿಂತಿದೆ. ಆ ಸೇತುವೆಯ ಚಿತ್ರವೂ ಉಳಿದಿದೆ. ಮಡಚುವ ತೆರೆಯೊಂದರ ಮೇಲೆ ಇರುವೆಸಾಲಿನಂತೆ ಜನ, ನಡುವೆ ಪಲ್ಲಕ್ಕಿ, ಎರಡೂ ದಡಗಳಲ್ಲಿ ಕತ್ತು ಉದ್ದ ಮಾಡಿ ನೋಡುತ್ತಿರುವ ಊರಿನವರು. ಯಾತ್ರೆ ಮುಗಿದ ಮೇಲೆ ಸೇತುವೆಯನ್ನು ಬಿಚ್ಚಿ ದೋಣಿಗಳನ್ನು ವಾಪಸ್ ಕೊಟ್ಟರು. ಊರಿನವರಿಗೆ ಮತ್ತೆ ಅದೇ ಕಡವು.

ಈಗ ರೈಲಿಗೆ ಬರೋಣ.

1895ರ ಅಕ್ಟೋಬರಿನಲ್ಲಿ ಜಪಾನಿನ ಕಡೆಯವರು ಅರಮನೆಗೆ ನುಗ್ಗಿ ಕೊರಿಯಾದ ರಾಣಿಯನ್ನು ಕೊಂದರು. ಜೀವಭಯದಿಂದ ದೊರೆ ಗೊಜೊಂಗ್ ಮುಂದಿನ ಫೆಬ್ರವರಿಯಲ್ಲಿ ರಷ್ಯಾದ ರಾಯಭಾರ ಕಚೇರಿಯಲ್ಲಿ ಆಸರೆ ಪಡೆದ. ಅಲ್ಲಿದ್ದಾಗಲೇ, 1896ರ ಮಾರ್ಚ್‌ನಲ್ಲಿ, ರಾಜಧಾನಿಯಿಂದ ಇಂಚಾನ್ ಬಂದರಿಗೆ ರೈಲು ಹಾಕುವ ಪರವಾನಗಿಯನ್ನು ಜೇಮ್ಸ್ ಮೋರ್ಸ್ ಎಂಬ ಅಮೆರಿಕದ ವ್ಯಾಪಾರಿಗೆ ಕೊಟ್ಟರು. ಜಪಾನಿಗೆ ಕೊಡಬಾರದೆಂಬುದು ಆ ಹೊತ್ತಿನ ಹಟ. ಹಟ ಹೆಚ್ಚು ಕಾಲ ನಿಲ್ಲಲಿಲ್ಲ. ಮೋರ್ಸ್ 1897ರಲ್ಲಿ ಗುದ್ದಲಿ ಹಾಕಿದ, ಆದರೆ ಅವನ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. ಕೆಲಸ ನಡುವೆ ನಿಂತಾಗ ಶಿಬುಸಾವಾ ಎಯಿಚಿ ಮುಂದಾಳಾಗಿದ್ದ ಜಪಾನಿ ಬಂಡವಾಳಗಾರರ ಕೂಟ ಪರವಾನಗಿಯನ್ನೇ ಕೊಂಡುಕೊಂಡಿತು. ಜಪಾನ್ 2024ರಲ್ಲಿ ಹೊಸ ಹತ್ತು ಸಾವಿರ ಯೆನ್ ನೋಟು ಹೊರತಂದಿತಲ್ಲ, ಅದರ ಮೇಲಿರುವುದು ಈ ಶಿಬುಸಾವಾನ ಮುಖವೇ. ಕೊರಿಯಾದವರಿಗೆ ಅದು ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

1899ರ ಸೆಪ್ಟೆಂಬರ್ 18ರಂದು ಕೊರಿಯಾದ ಮೊದಲ ರೈಲು ಓಡಿತು. ಇಂಚಾನ್ ಬಂದರಿನಿಂದ ನೊರ್ಯಾಂಗ್‌ಜಿನ್‌ವರೆಗೆ ಸುಮಾರು 33 ಕಿಲೋಮೀಟರು, ಏಳು ನಿಲ್ದಾಣ, ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ. ಕಾಲ್ನಡಿಗೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿ ಅದು. ಎಂಜಿನ್ ಅಮೆರಿಕದ ಬ್ರೂಕ್ಸ್ ಕಾರ್ಖಾನೆಯದು, 'ಮೊಗಲ್' ಎಂಬ ಜಾತಿಯದು. ನಮ್ಮ ಮೊಗಲರ ಹೆಸರು ಇಂಗ್ಲಿಷಿನಲ್ಲಿ ದೊಡ್ಡಸ್ತಿಕೆಯ ಪದವಾಗಿ, ಅಮೆರಿಕದಲ್ಲಿ ಉಗಿಬಂಡಿಗೆ ಅಂಟಿಕೊಂಡು, ಕೊನೆಗೆ ಕೊರಿಯಾದ ಗದ್ದೆಗಳ ನಡುವೆ ಹೊಗೆ ಬಿಟ್ಟುಕೊಂಡು ಹೋಯಿತು. ಆ ಕಾಲದ ಪತ್ರಿಕೆ ರೈಲಿನ ಸದ್ದನ್ನು ಗುಡುಗಿಗೆ ಹೋಲಿಸಿತ್ತು. ಹಳಿಗಳ ಅಗಲವನ್ನೂ ಗಮನಿಸಬೇಕು. ಜಪಾನ್ ತನ್ನ ನೆಲದಲ್ಲಿ ಹಾಕಿಕೊಂಡಿದ್ದು ಮೂರೂವರೆ ಅಡಿಯ ಸಣ್ಣ ಹಳಿ. ಕೊರಿಯಾದಲ್ಲಿ ಬಿದ್ದದ್ದು 1435 ಮಿಲಿಮೀಟರಿನ, ಅಂದರೆ ಚೀನಾದ ಹಳಿಗಳಿಗೂ ಹೊಂದುವ ಅಗಲ. ಆ ಅಗಲ ಆಮೇಲೆ ಜಪಾನಿನ ಸೈನ್ಯಕ್ಕೆ ಎಷ್ಟು ಉಪಯೋಗಕ್ಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ರಾಜಧಾನಿಗೆಂದು ಹೊರಟ ರೈಲು ರಾಜಧಾನಿ ಮುಟ್ಟದೆ ಈಚೆ ದಡದಲ್ಲೇ ಯಾಕೆ ನಿಂತಿತು? ಹಾನ್ ನದಿಗೆ ಸೇತುವೆ ಇನ್ನೂ ಮುಗಿದಿರಲಿಲ್ಲ, ಅಷ್ಟೇ. ಪ್ರಯಾಣಿಕರು ರೈಲಿನಿಂದ ಇಳಿದು ದೋಣಿ ಹತ್ತಿ ಆಚೆಗೆ ಹೋಗುತ್ತಿದ್ದರು. ಉಗಿಬಂಡಿ ಬಂದರೂ ಅಂಬಿಗರ ಹುಟ್ಟು ತಕ್ಷಣ ನಿಲ್ಲಲಿಲ್ಲ. ಸೇತುವೆ ಮುಗಿದದ್ದು 1900ರ ಜುಲೈನಲ್ಲಿ. ಹಾನ್ ನದಿಗೆ ಕಟ್ಟಿದ ಮೊದಲ ಕಾಯಂ ಸೇತುವೆ ಅದು.

ಇಲ್ಲಿ ಒಂದು ಸಣ್ಣ ಸಂಗತಿ ಇದೆ. ಇಡೀ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಅದೇ. ಅಮೆರಿಕದವನ ಜೊತೆ ಆದ ಕರಾರಿನಲ್ಲಿ, ಸೇತುವೆಯ ಪಕ್ಕಕ್ಕೆ ಜನ ನಡೆದು ಹೋಗಲು ಒಂದು ದಾರಿ ಇರಬೇಕು ಎಂದಿತ್ತು. ಜಪಾನಿನವರು ಕೆಲಸ ಕೈಗೆತ್ತಿಕೊಂಡ ಮೇಲೆ ಖರ್ಚಿನ ಕಾರಣ ಹೇಳಿ ಅದನ್ನು ಕೈಬಿಟ್ಟರು. ಹಾಗಾಗಿ ಟಿಕೇಟು ಕೊಂಡವನು ಸೇತುವೆ ದಾಟಿದ, ಕೊಳ್ಳಲಾರದವನು ಅದರ ಕೆಳಗೆ ದೋಣಿಯಲ್ಲಿ ದಾಟಿದ. ನಡೆದು ಹೋಗುವವರಿಗೆ ಸೇತುವೆ ಸಿಕ್ಕಿದ್ದು 1917ರಲ್ಲಿ, ಪಕ್ಕದಲ್ಲಿ ರಸ್ತೆ ಸೇತುವೆ ಆದಾಗ. ಪರರಾಜ್ಯದವರು ನಮಗೆ ರೈಲು ಕೊಟ್ಟರು ಎಂಬ ಮಾತು ನಮ್ಮಲ್ಲೂ ಇದೆ, ಅಲ್ಲೂ ಇದೆ. ಆ ವಾದ ಮಾಡುವವರ ಮುಂದೆ ನಾನು ಈ ಕಾಲುದಾರಿಯನ್ನು ಇಡುತ್ತೇನೆ. ರೈಲು ಯಾರಿಗಾಗಿ ಎಂಬ ಪ್ರಶ್ನೆಗೆ ಸೇತುವೆಯ ಅಗಲವೇ ಉತ್ತರ.

ನೀರಿನ ಕಥೆಯೂ ಹೆಚ್ಚುಕಡಿಮೆ ಇದೇ. ಇಂಚಾನ್ ಬಂದರಿನ ಊರಿಗೆ ಕುಡಿಯುವ ನೀರಿನ ಬರ. ಅದಕ್ಕಾಗಿ ನೊರ್ಯಾಂಗ್‌ಜಿನ್‌ನಲ್ಲಿ ಹಾನ್ ನದಿಯ ನೀರನ್ನೆತ್ತಿ, ಶುದ್ಧ ಮಾಡಿ, ಬಂದರಿನವರೆಗೂ ಕೊಳವೆಯಲ್ಲಿ ಕಳಿಸುವ ವ್ಯವಸ್ಥೆ 1910ರಲ್ಲಿ ಮುಗಿಯಿತು. ಅದೇ ವರ್ಷ ಜಪಾನ್ ಕೊರಿಯಾವನ್ನು ನುಂಗಿಹಾಕಿತು.

1950ರ ಜೂನ್ 28ರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಉತ್ತರ ಕೊರಿಯಾದ ಸೈನ್ಯ ದಂಡೆತ್ತಿ ಬಂದು ಮೂರು ದಿನ ಆಗಿತ್ತು. ಅಧ್ಯಕ್ಷ ಸಿಂಗ್‌ಮನ್ ರೀ ಆಗಲೇ ಸೋಲ್ ಬಿಟ್ಟು ತೆಂಕಣಕ್ಕೆ ಹೋಗಿದ್ದರು. ರೇಡಿಯೊದಲ್ಲಿ ಮಾತ್ರ ಹೆದರಬೇಡಿ ಎಂಬ ಅವರ ದನಿ ಕೇಳುತ್ತಿತ್ತು. ಆ ನಸುಕಿನಲ್ಲಿ ಎರಡೂವರೆಯ ಸುಮಾರಿಗೆ, ನೊರ್ಯಾಂಗ್‌ಜಿನ್ ಕಡೆಗೆ ಓಡಿಬರುತ್ತಿದ್ದ ಜನ ಮೇಲಿರುವಾಗಲೇ, ದಕ್ಷಿಣ ಕೊರಿಯಾದ ಸೈನ್ಯವೇ ಹಾನ್ ನದಿಯ ಆ ರಸ್ತೆ ಸೇತುವೆಯನ್ನು ಸಿಡಿಸಿತು. ಎಷ್ಟು ಜನ ಸತ್ತರೆಂಬ ಲೆಕ್ಕ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಸೈನ್ಯದ ದೊಡ್ಡ ಪಾಲು ಆಚೆ ದಡದಲ್ಲೇ ಸಿಕ್ಕಿಬಿತ್ತು. ರೈಲು ಸೇತುವೆಗಳಿಗೂ ಸಿಡಿಮದ್ದು ಇಟ್ಟಿದ್ದರು, ಆದರೆ ಒಂದು ಪೂರ್ತಿ ಬೀಳಲಿಲ್ಲ. ಅದನ್ನೇ ಸರಿಮಾಡಿಕೊಂಡು ಶತ್ರುಗಳ ಟ್ಯಾಂಕುಗಳು ದಾಟಿದವು. ಯಾರನ್ನಾದರೂ ಹೊಣೆ ಮಾಡಬೇಕಿತ್ತು. ಸೈನ್ಯದ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಕರ್ನಲ್ ಚೆ ಚಾಂಗ್‌ಸಿಕ್ ಎಂಬುವರನ್ನು ಸೆಪ್ಟೆಂಬರಿನಲ್ಲಿ ಗುಂಡಿಟ್ಟು ಕೊಂದರು. 1964ರಲ್ಲಿ ಮರುವಿಚಾರಣೆ ಮಾಡಿದ ನ್ಯಾಯಾಲಯ, ಅವರು ಮೇಲಿನವರ ಅಪ್ಪಣೆ ಪಾಲಿಸಿದ್ದು ಮಾತ್ರ, ನಿರ್ದೋಷಿ ಎಂದಿತು. ಸತ್ತು ಹದಿನಾಲ್ಕು ವರ್ಷ ಆಗಿತ್ತು.

ಇನ್ನು ಲೋಕಲ್ ರೈಲು. 1974ರ ಆಗಸ್ಟ್ 15ರಂದು ಸೋಲ್‌ನ ಮೊದಲ ಸುರಂಗ ರೈಲು ಶುರುವಾಯಿತು. ನೆಲದಡಿಯ ಭಾಗ ಎಂಟು ಕಿಲೋಮೀಟರೂ ಇರಲಿಲ್ಲ. ಆದರೆ ಎರಡೂ ತುದಿಯಲ್ಲಿ ಅದನ್ನು ಹಳೆಯ ರೈಲು ಮಾರ್ಗಗಳಿಗೆ ಜೋಡಿಸಿ, ಅವಕ್ಕೆ ವಿದ್ಯುತ್ ಕೊಟ್ಟು, ಇಂಚಾನ್ ಮತ್ತು ಸುವೊನ್‌ನಿಂದ ಬಂದ ರೈಲು ಸೀದಾ ನಗರದ ಹೊಟ್ಟೆಯೊಳಗೆ ಹೋಗುವಂತೆ ಮಾಡಿದರು. ಹೀಗೆ 1899ರ ಹಳಿ ದಿನನಿತ್ಯದ ದುಡಿಮೆಯವರ ಹಳಿಯಾಯಿತು. ಹಳಬ ಹೊಸಬರ ಈ ಸಂಸಾರದಲ್ಲಿ ಒಂದು ತಮಾಷೆ ಇದೆ. ಹೊರಗಿನ ಹಳಿಗಳಲ್ಲಿ 25,000 ವೋಲ್ಟಿನ ಎಸಿ ವಿದ್ಯುತ್, ಸುರಂಗದೊಳಗೆ 1,500 ವೋಲ್ಟಿನ ಡಿಸಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಡುವೆ ಸ್ವಲ್ಪ ದೂರ ವಿದ್ಯುತ್ತೇ ಇರುವುದಿಲ್ಲ. ಸೋಲ್ ಮುಖ್ಯ ನಿಲ್ದಾಣಕ್ಕೆ ಮುಂಚೆ ಹಳೆಯ ಬೋಗಿಗಳ ದೀಪ ಫಕ್ಕನೆ ಆರಿ, ರೈಲು ತನ್ನ ಓಟದ ರಭಸದಲ್ಲೇ ಮುಂದೆ ಜಾರುತ್ತಿತ್ತು. ಹೊಸಬರು ಗಾಬರಿಯಾಗುತ್ತಿದ್ದರು, ದಿನಾ ಓಡಾಡುವವರು ಕಣ್ಣೂ ತೆರೆಯುತ್ತಿರಲಿಲ್ಲ. ಉದ್ಘಾಟನೆಯ ಆ ದಿನವೇ, ಬೇರೊಂದು ಸಮಾರಂಭದಲ್ಲಿ, ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರ ಮೇಲೆ ಹಾರಿಸಿದ ಗುಂಡಿನ ಗದ್ದಲದಲ್ಲಿ ಅವರ ಹೆಂಡತಿ ಸತ್ತರು. ಅಧ್ಯಕ್ಷರು ಬರಬೇಕಿದ್ದ ರೈಲಿನ ಸಮಾರಂಭ ಅವರಿಲ್ಲದೆಯೇ ಮುಗಿಯಿತು.

ನಾನು ನೊರ್ಯಾಂಗ್‌ಜಿನ್‌ಗೆ ಹೋದದ್ದು ಒಂದೇ ಸಲ. ಬೆಳಕು ಹರಿಯುವ ಮುಂಚೆ, ಮೀನು ಮಾರುಕಟ್ಟೆ ನೋಡಲು. ಈ ಮಾರುಕಟ್ಟೆ 1927ರಲ್ಲಿ ಸೋಲ್ ಮುಖ್ಯ ನಿಲ್ದಾಣದ ಹತ್ತಿರ ಶುರುವಾಗಿ 1971ರಲ್ಲಿ ನೊರ್ಯಾಂಗ್‌ಜಿನ್‌ಗೆ ಬಂತು. ಮೀನಿನ ವಾಸನೆ, ಲಾರಿ, ಕೊಚ್ಚೆಯನ್ನು ನಗರದ ನಡುವಿನಿಂದ ಈಚೆ ದಡಕ್ಕೆ ದಾಟಿಸಿದರೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಹರಾಜು ನಡುರಾತ್ರಿ ಕಳೆದ ಮೇಲೆ ಶುರುವಾಗುತ್ತದೆ. ಒದ್ದೆ ನೆಲ, ರಬ್ಬರ್ ಬೂಟು, ತಲೆಯ ಮೇಲೆ ಬೆಳ್ಳನೆ ದೀಪ, ನನಗೆ ಒಂದಕ್ಷರವೂ ತಿಳಿಯದ ಹರಾಜಿನ ರಾಗ. ಕೊಳ್ಳುವವರು ಬಾಯಿ ಬಿಡುವುದಿಲ್ಲ, ಬೆರಳಲ್ಲೇ ಬೆಲೆ ಹೇಳುತ್ತಾರೆ. ಬೆಳಗಾದ ಮೇಲೆ ಬರುವ ನಮ್ಮಂಥವರಿಗೆ ಬೇರೆ ಪದ್ಧತಿ. ಕೆಳಗೆ ತೊಟ್ಟಿಯಲ್ಲಿರುವ ಮೀನನ್ನು ತೋರಿಸಿ ಕೊಂಡರೆ ಅಲ್ಲೇ ಹಸಿಯಾಗಿ ಹೆಚ್ಚಿ ಕೊಡುತ್ತಾರೆ. ಅದನ್ನು ಹಿಡಿದುಕೊಂಡು ಮೇಲಿನ ಹೋಟೆಲಿಗೆ ಹೋದರೆ ಸಾಸು, ಸೊಪ್ಪು, ತಟ್ಟೆ, ಕೂರುವ ಜಾಗ ಇವಕ್ಕೆ ತಲೆಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಾರೆ. ನಾನು ಸಸ್ಯಾಹಾರಿ. ಸೊಪ್ಪಿಗೆ ಪೂರ್ತಿ ದುಡ್ಡು ಕೊಟ್ಟು ಬಂದೆ.

ನಾನು ನೋಡಿದ್ದು ಹೊಸ ಕಟ್ಟಡ. 2016ರ ಮಾರ್ಚ್‌ನಲ್ಲಿ ಮಾರುಕಟ್ಟೆ ಅದಕ್ಕೆ ಹೋದಾಗ ಹಳೆಯ ವ್ಯಾಪಾರಿಗಳಲ್ಲಿ ಬಹಳ ಮಂದಿ ಹೋಗಲು ಒಪ್ಪಲಿಲ್ಲ. ಅಂಗಡಿ ಕಿರಿದು, ಬಾಡಿಗೆ ಹೆಚ್ಚು ಎಂಬುದು ಅವರ ದೂರು. ಮೂರು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. ಕೋರ್ಟಿನ ಆದೇಶ ಹಿಡಿದು ಮತ್ತೆ ಮತ್ತೆ ತೆರವು ಮಾಡಿಸಲು ಬಂದರು. ನೀರು, ಕರೆಂಟು ಕಡಿದರು. ಕೊನೆಯ ಅಂಗಡಿಗಳನ್ನು ತೆಗೆಸಿದ್ದು 2019ರ ಆಗಸ್ಟ್‌ನಲ್ಲಿ. ಹೊಸ ಕಟ್ಟಡ ಶುಚಿಯಾಗಿದೆ, ಸುರಕ್ಷಿತವಾಗಿದೆ. ಅದನ್ನು ಅಲ್ಲಗಳೆಯಲಾರೆ. ಆದರೆ ಮೀನು ಮಾರುವವರನ್ನು ಕೇಳದೆ ಮೀನು ಮಾರುಕಟ್ಟೆಯ ನಕ್ಷೆ ಬರೆದರೆ ಆಗುವುದು ಇದೇ.

ನಿಲ್ದಾಣದ ಒಂದು ಕಡೆ ಮೀನಾದರೆ, ಇನ್ನೊಂದು ಕಡೆ ಪುಸ್ತಕ. 1970ರ ದಶಕದ ಕೊನೆಯಲ್ಲಿ ಸೋಲ್‌ನ ಹಳೆಯ ಪೇಟೆಯಲ್ಲಿ ಜನ ಕಿಕ್ಕಿರಿದಿದ್ದಾರೆ ಎಂದು ಸರ್ಕಾರ ದೊಡ್ಡ ಕೋಚಿಂಗ್ ಸೆಂಟರುಗಳನ್ನು ಹೊರಕ್ಕೆ ಕಳಿಸಿತು. ರೈಲು ಸೌಕರ್ಯ ಇದ್ದ ಕಾರಣ ಹಲವು ಇಲ್ಲಿಗೆ ಬಂದವು. ಮೊದಲು ಕಾಲೇಜು ಪ್ರವೇಶದ ಪರೀಕ್ಷೆಗೆ ಓದುವವರು ಬಂದರು. 1997ರ ಆರ್ಥಿಕ ಕುಸಿತ ಆದಮೇಲೆ ಚಿತ್ರ ಬದಲಾಯಿತು. ದೊಡ್ಡ ಕಂಪನಿಯ ಕೆಲಸವೂ ಒಂದೇ ದಿನದಲ್ಲಿ ಹೋಗಬಹುದೆಂದು ಕಂಡವರ ಮಕ್ಕಳು ಸರ್ಕಾರಿ ನೌಕರಿ ಹುಡುಕಿಕೊಂಡು ಬಂದರು. ಕೊರಿಯಾದವರು ಅಂಥ ನೌಕರಿಗೆ 'ಕಬ್ಬಿಣದ ಅನ್ನದ ಬಟ್ಟಲು' ಅನ್ನುತ್ತಾರೆ, ಒಡೆಯುವುದಿಲ್ಲ ಎಂದು. ಅದಕ್ಕೆ ಓದುವವರಿಗೆ 'ಗೊಂಗ್‌ಸಿಸೆಂಗ್' ಎಂದು ಹೆಸರೇ ಬಿತ್ತು. ನಮ್ಮ ವಿಜಯನಗರ, ಧಾರವಾಡಗಳಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ರೂಮು ಮಾಡಿಕೊಂಡು ಓದುವ ಹುಡುಗರನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಮಂಚ, ಒಂದು ಮೇಜು, ಕೈಚಾಚಿದರೆ ಎರಡೂ ಗೋಡೆ. ಕಿಟಕಿ ಇದ್ದರೆ ಬಾಡಿಗೆ ಜಾಸ್ತಿ.

ಕೂತು ಉಣ್ಣಲು ಪುರುಸೊತ್ತಿಲ್ಲದ, ಜೇಬಿನಲ್ಲಿ ಕಾಸೂ ಇಲ್ಲದ ಇವರಿಗಾಗಿ ಬೀದಿಯ ಗಾಡಿಗಳಲ್ಲಿ ಹುಟ್ಟಿಕೊಂಡದ್ದು 'ಕಪ್‌ಬಾಪ್', ಲೋಟದನ್ನ. ಅಗಲ ಬಾಯಿಯ ಲೋಟಕ್ಕೆ ಅನ್ನ, ಮೇಲೆ ಹುರಿದ ಕಿಮ್ಚಿ, ಮಾಂಸದ ಚೂರು, ಮೊಟ್ಟೆ. ನಿಂತುಕೊಂಡೇ ತಿಂದು ಮುಗಿಸಿ ಕ್ಲಾಸಿಗೆ ಓಡುವುದು. ಬಾಡಿಗೆ ಕಟ್ಟುವ ಹೋಟೆಲಿನವರು ತಕರಾರು ತೆಗೆದರು, ತೆರವು ನಡೆಯಿತು, ಕೊನೆಗೆ 2015ರಲ್ಲಿ ಗಾಡಿಗಳನ್ನೆಲ್ಲ ಸ್ವಲ್ಪ ದೂರದ ಒಂದು ಬೀದಿಗೆ ಸಾಗಿಸಿದರು. ಅದೇ ವರ್ಷ ನಿಲ್ದಾಣದಿಂದ ಕೋಚಿಂಗ್ ಬೀದಿಗೆ ರಸ್ತೆಯ ಮೇಲಿಂದ ದಾಟಿಸುತ್ತಿದ್ದ, 1980ರಲ್ಲಿ ಕಟ್ಟಿದ ಕಾಲ್ಸೇತುವೆಯನ್ನೂ ಕೆಡವಿದರು. ಮೂವತ್ತೈದು ವರ್ಷ ಪರೀಕ್ಷೆ ಬರೆದವರೆಲ್ಲ ಅದನ್ನು ಹತ್ತಿ ಇಳಿದಿದ್ದರು.

ಕಪ್‌ಬಾಪ್ ಗಾಡಿಗಳ ಹೊಸ ಬೀದಿ ಇರುವುದು ಸಾಯುಕ್‌ಸಿನ್ ಉದ್ಯಾನದ ಬಳಿ. ಸಾಯುಕ್‌ಸಿನ್ ಅಂದರೆ ಪ್ರಾಣಕೊಟ್ಟ ಆರು ಮಂದಿ ಅಧಿಕಾರಿಗಳು. ಹುಡುಗ ದೊರೆ ದಾಂಜೊಂಗ್‌ನನ್ನು ಚಿಕ್ಕಪ್ಪ ಸೇಜೊ ಇಳಿಸಿ ಪಟ್ಟಕ್ಕೇರಿದಾಗ, ಹಳೆಯ ದೊರೆಯನ್ನು ಮತ್ತೆ ತರಲು ಹೊಂಚು ಹಾಕಿ 1456ರಲ್ಲಿ ಸಿಕ್ಕಿಬಿದ್ದು ಸತ್ತವರು. ಅವರಲ್ಲೊಬ್ಬ ಸೊಂಗ್ ಸಾಮ್‌ಮುನ್. ದೊರೆ ಸೇಜೊಂಗ್ ಹೊಸ ಕೊರಿಯನ್ ಲಿಪಿಯನ್ನು ತಂದಾಗ ಅದರ ವಿವರಣೆಯ ಗ್ರಂಥ ಬರೆದ ಪಂಡಿತರ ಪೈಕಿ ಅವನೂ ಒಬ್ಬ. ಸೇಜೊ ಕೊಟ್ಟ ಸಂಬಳದ ಅಕ್ಕಿಯನ್ನು ಸೊಂಗ್ ಒಂದು ಕಾಳೂ ಮುಟ್ಟದೆ ಮನೆಯಲ್ಲಿ ರಾಶಿ ಹಾಕಿಟ್ಟಿದ್ದ ಎಂಬ ಐತಿಹ್ಯವಿದೆ. ಇವರ ಗೋರಿಗಳು ದಿಬ್ಬದ ಮೇಲಿವೆ. ಆರು ಜನ, ಗೋರಿ ಏಳು. ಏಳನೆಯದು 1970ರ ದಶಕದಲ್ಲಿ ಸೇರಿಸಿದ್ದು. ಆರರಲ್ಲಿ ಒಬ್ಬನಾಗಿ ನಿಜಕ್ಕೂ ಯಾರನ್ನು ಎಣಿಸಬೇಕೆಂದು ಮನೆತನಗಳ ನಡುವೆ ಎದ್ದ ವಾದದ ಫಲ.

ಈಗ ಈ ದೃಶ್ಯ ನೋಡಿ. ದಿಬ್ಬದ ಮೇಲೆ ಸರ್ಕಾರದ ಸಂಬಳ ಬೇಡವೆಂದವನ ಗೋರಿ. ಕೆಳಗೆ ಸರ್ಕಾರದ ಸಂಬಳಕ್ಕಾಗಿ ವರ್ಷಗಟ್ಟಲೆ ಓದುವ ಮಕ್ಕಳು. ಅವರ ಪಠ್ಯದಲ್ಲಿ ಕೊರಿಯಾದ ಇತಿಹಾಸವೂ ಇದೆ, ಅಂದರೆ ಮೇಲೆ ಮಲಗಿದವರ ಹೆಸರುಗಳನ್ನು ಇವರು ಬಾಯಿಪಾಠ ಮಾಡಬೇಕು. ನಾನು ಇದನ್ನು ಹಾಸ್ಯವಾಗಿ ಹೇಳುತ್ತಿಲ್ಲ. ಸೊಂಗ್‌ಗೆ ಬೇಡ ಎನ್ನಲು ಒಂದು ನೌಕರಿ ಇತ್ತು. ಈ ಮಕ್ಕಳ ಮೇಲೆ ತ್ಯಾಗದ ಕಥೆ ಹೇರುವುದು ಅನ್ಯಾಯ.

ಅಂಕಿ ಬೇಕೆನ್ನುವವರಿಗೆ: ಒಂಬತ್ತನೇ ದರ್ಜೆಯ, ಅಂದರೆ ಅತಿ ಕೆಳಗಿನ ಹಂತದ ರಾಷ್ಟ್ರೀಯ ನೌಕರಿಯ ಪರೀಕ್ಷೆಗೆ 2011ರಲ್ಲಿ ಒಂದು ಹುದ್ದೆಗೆ 93 ಮಂದಿ ಅರ್ಜಿ ಹಾಕಿದ್ದರು. 2024ರಲ್ಲಿ ಅದು ಸುಮಾರು 22ಕ್ಕೆ ಇಳಿಯಿತು. ಸಂಬಳ ಕಡಿಮೆ, ಪಿಂಚಣಿ ಮೊದಲಿನಂತಿಲ್ಲ, ಜನರ ಬೈಗುಳ ಹೆಚ್ಚು, ಹುಡುಗರ ಸಂಖ್ಯೆಯೇ ಕಡಿಮೆ. ಪಾಠವೂ ಫೋನಿನ ತೆರೆಗೆ ಬಂದ ಮೇಲೆ ರೂಮು ಮಾಡಿಕೊಂಡು ಇಲ್ಲೇ ಇರಬೇಕಾದ ಅಗತ್ಯವಿಲ್ಲ. ನೊರ್ಯಾಂಗ್‌ಜಿನ್‌ನ ಓದಿನ ಬೀದಿ ಮೊದಲಿನಷ್ಟು ಕಿಕ್ಕಿರಿದಿಲ್ಲ.

ನಿಲ್ದಾಣದ ಕಟ್ಟಡಕ್ಕೂ ಕಾಯುವ ಯೋಗವೇ. ಖಾಸಗಿ ಬಂಡವಾಳದಲ್ಲಿ ದೊಡ್ಡ ಮಾಲ್ ಕಟ್ಟಿ ಅದರೊಳಗೆ ನಿಲ್ದಾಣ ಇಡುವ ಯೋಜನೆಯೊಂದು ನೆಲಕಚ್ಚಿತು. 2009ರ ಜುಲೈನಲ್ಲಿ ಒಂಬತ್ತನೇ ನಂಬರಿನ ಮೆಟ್ರೊ ಇದೇ ಹೆಸರಿನ ನಿಲ್ದಾಣ ತೆರೆಯಿತು. ಎರಡರ ನಡುವೆ ಮಾತ್ರ ಒಳದಾರಿ ಇರಲಿಲ್ಲ. ಒಂದು ರೈಲಿನಿಂದ ಇಳಿದವರು ಗೇಟು ದಾಟಿ ರಸ್ತೆಗೆ ಬಂದು, ಮಳೆಯೋ ಹಿಮವೋ ನೆನೆದುಕೊಂಡು ಇನ್ನೊಂದು ರೈಲಿಗೆ ಇಳಿಯಬೇಕಿತ್ತು. ಜೋಡಿಸುವ ಹಾದಿ ತೆರೆದದ್ದು 2015ರ ಅಕ್ಟೋಬರ್ ಕೊನೆಗೆ, ಆರು ವರ್ಷದ ಮೇಲೆ. ನಡೆಯುವವರ ದಾರಿ ಇಲ್ಲಿ ಯಾವಾಗಲೂ ಕೊನೆಗೇ ಬರುತ್ತದೆ.

ನಿಲ್ದಾಣದ ಆವರಣದಲ್ಲಿ, ಕೊರಿಯಾದ ರೈಲು ಇಲ್ಲಿಂದ ಶುರುವಾಯಿತೆಂದು ಹೇಳುವ ಒಂದು ಕಲ್ಲು ನೆಟ್ಟಿದ್ದಾರೆ. ಸೆಪ್ಟೆಂಬರ್ 18ನ್ನು ರೈಲ್ವೆ ದಿನವೆಂದು ಮೊದಲು ಗೊತ್ತುಮಾಡಿದ್ದು ಜಪಾನಿನ ಆಳ್ವಿಕೆಯಲ್ಲಿ. ಸ್ವತಂತ್ರ ಕೊರಿಯಾವೂ ಅದನ್ನೇ ಬಹಳ ಕಾಲ ಆಚರಿಸಿಕೊಂಡು ಬಂತು. ಪರರ ಲಾಭಕ್ಕೆ ಹಾಕಿದ ಹಳಿಯ ಹುಟ್ಟುಹಬ್ಬ ನಾವೇಕೆ ಮಾಡಬೇಕೆಂಬ ಪ್ರಶ್ನೆ ಎದ್ದು, 2018ರಿಂದ ಆ ದಿನವನ್ನು ಜೂನ್ 28ಕ್ಕೆ ಬದಲಾಯಿಸಿದರು. ಕೊರಿಯಾದ ಸರ್ಕಾರ ತನ್ನದೇ ರೈಲ್ವೆ ಇಲಾಖೆಯನ್ನು ಮೊದಲು ಸ್ಥಾಪಿಸಿದ್ದು 1894ರ ಆ ದಿನ, ಆಗಿನ ಚಾಂದ್ರಮಾನದ ಲೆಕ್ಕದಲ್ಲಿ. ನನಗೆ ಈ ಬದಲಾವಣೆ ಒಪ್ಪಿಗೆ. ಆದರೆ ಈಗಿನ ಕ್ಯಾಲೆಂಡರಿನ ಜೂನ್ 28, ನೊರ್ಯಾಂಗ್‌ಜಿನ್‌ಗೆ ಬರುತ್ತಿದ್ದವರ ಕಾಲಕೆಳಗೆ ಹಾನ್ ಸೇತುವೆ ಸಿಡಿದ ದಿನವೂ ಹೌದು.